ಅಕ್ಕ ಕಳಿಸಿದ ನಾಲ್ಕನೆಯ ಗುರುತು

ಬಂದರಿನಲ್ಲಿ ನನ್ನ ಅಕ್ಕನನ್ನು ಎಲ್ಲರೂ ಜೇಬಕ್ಕ ಎಂದು ಕರೆಯುತ್ತಾರೆ. ಆ ಹೆಸರಿಟ್ಟವನು ನಾನೇ. ಯಾವ ಬಟ್ಟೆ ಕೈಗೆ ಸಿಕ್ಕರೂ ಅದಕ್ಕೊಂದು ಜೇಬು ಹೊಲಿಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಅವಳ ಮನೆಯ ಕಿಟಕಿ ಪರದೆಗೆ ಜೇಬಿದೆ, ಭಾವನ ಕನ್ನಡಕ ಇರುವುದು ಅಲ್ಲಿ. ಕುರ್ಚಿಯ ಬೆನ್ನಿಗೆ ಮೂರು ಜೇಬುಗಳಿವೆ. ಒಮ್ಮೆ ಭಾವನ ಟವೆಲ್ಲಿಗೂ ಹೊಲಿದುಬಿಟ್ಟಳು. "ಸ್ನಾನಕ್ಕೆ ಹೋಗೋವಾಗ ಇದರಲ್ಲಿ ಏನಿಟ್ಟುಕೊಳ್ಳಲಿ, ಮಾರಾಯ್ತಿ?" ಎಂದು ಭಾವ ಕೇಳಿದರೆ, "ಇದ್ದರೆ ತಾನೇ ಏನಿಡಬೇಕು ಅಂತ ಹೊಳೆಯೋದು" ಎಂದಳಂತೆ. ಭಾವ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಮೇಲೂ ಕೆಳಗೂ ಓಡಾಡಿ ತಾಳ್ಮೆ ಕಲಿತವನು. ಮಾರನೆಯ ದಿನದಿಂದ ಆ ಜೇಬಿನಲ್ಲಿ ಸೋಪು ಇಡಲು ಶುರುಮಾಡಿದ.

ಅಕ್ಕ ಇಪ್ಪತ್ತು ವರ್ಷ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ದುಡಿದಳು. ಪಕ್ಕದಲ್ಲೇ ಜನರನ್ನು ಸಮುದ್ರದೊಳಗೆ ಮುಳುಗಿಸಿ ಹವಳ, ಮೀನು ತೋರಿಸುವ ಡೈವಿಂಗ್ ಅಂಗಡಿ. ಅಲ್ಲಿನ ಹರಿದ ಚೀಲ, ಪಟ್ಟಿಗಳೆಲ್ಲ ಅವಳ ಮೆಷಿನ್ನಿಗೇ ಬರುತ್ತಿದ್ದವು. ಆ ಅಂಗಡಿಯ ಹಿರಿಯ ಗುರುವನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಒಂದು ದಿನ ಮೇಷ್ಟ್ರು ಅವಳು ಹೊಲಿದ ಜೇಬೊಂದನ್ನು ವಾಪಸು ತಂದು, "ಮೇಲೆ ಚೆನ್ನಾಗಿ ತೆರೆಯುತ್ತೆ, ಕೆಳಗೆ ಹೋದ್ರೆ ಬಾಯೇ ಬಿಡಲ್ಲ" ಎಂದರು. ಅಕ್ಕನ ಮುಖ ಕೆಂಪಾಯಿತು. ಅವಳ ಹೊಲಿಗೆಯಲ್ಲಿ ಅದುವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ. "ಕೆಳಗೆ ಅಂದ್ರೆ ಎಲ್ಲಿ? ತೋರಿಸಿ" ಎಂದಳು. ಮೇಷ್ಟ್ರು ತಮಾಷೆ ಎಂದುಕೊಂಡರು. ಅವಳಿಗೆ ಆಗ ಮೂವತ್ತೆಂಟು. ಆ ವಾರವೇ ಈಜುಕೊಳದಲ್ಲಿ ಸಿಲಿಂಡರ್ ಹೊತ್ತು ಇಳಿದಳು. ಜೇಬಿನ ತಳಕ್ಕೆ ಎರಡು ತೂತು ಬೇಕು, ಇಲ್ಲದಿದ್ದರೆ ನೀರು ಬಾಯಿಯನ್ನು ಒತ್ತಿ ಹಿಡಿಯುತ್ತದೆ ಎಂದು ಕಂಡುಕೊಂಡು ಮೇಲೆ ಬಂದಳು. ಆಮೇಲೆ ಹೋಗದೆ ಇರಲಾಗಲಿಲ್ಲ. ನಾಲ್ಕು ವರ್ಷಕ್ಕೆ ಗೈಡ್ ಆದಳು, ಬಂದವರನ್ನು ಕರೆದುಕೊಂಡು ಮುಂದಾಳಾಗಿ ಇಳಿಯತೊಡಗಿದಳು. ಈಗ ಅವಳಿಗೆ ಐವತ್ತಮೂರು.

ನಾನು ಅವಳ ತಮ್ಮ, ಅದೇ ಅಂಗಡಿಯ ದೋಣಿ ಓಡಿಸುತ್ತೇನೆ. ನಾನು ನೀರಿನ ಮೇಲಿನವನು. ಕೆಳಗೆ ಒಂದು ಸಲವೂ ಇಣುಕಿಲ್ಲ, ಇಣುಕುವ ಆಸೆಯೂ ಇಲ್ಲ. ಅವರನ್ನು ಇಳಿಸಿ ಕಾಯುವುದು ನನ್ನ ಕೆಲಸ. ಕಾಯುವುದೆಂದರೆ ಸುಮ್ಮನೆ ಕೂರುವುದು ಎಂದು ತಿಳಿದವರಿಗೆ ಆ ಕೆಲಸ ಒಂದೇ ಒಂದು ದಿನ ಕೊಟ್ಟು ನೋಡಬೇಕು. ಕೆಳಗಿನವರು ನೀರಿನ ಸೆಳೆತಕ್ಕೆ ಸಿಕ್ಕಿ ಎಲ್ಲಿಗೆ ಹೋದರೋ ನನಗೆ ತಿಳಿಯುವುದಿಲ್ಲ. ತಿಳಿಯಲು ಇರುವುದು ಒಂದೇ ದಾರಿ, ಅದನ್ನು ನಾವು ಗುರುತು ಅನ್ನುತ್ತೇವೆ. ಕಿತ್ತಳೆ ಬಣ್ಣದ ರಬ್ಬರು ಬಟ್ಟೆಯ ಉದ್ದನೆಯ ಕೊಳವೆ ಅದು. ಸುತ್ತಿದರೆ ಅಂಗೈಯಷ್ಟೇ ಆಗುತ್ತದೆ. ಜೊತೆಗೆ ದಾರದ ರೀಲು. ಡೈವರ್ ಐದು ಮೀಟರ್ ಆಳದಲ್ಲಿ ನಿಂತು ಅದನ್ನು ಬಿಚ್ಚಿ, ಅದರ ಬಾಯಿಗೆ ಗಾಳಿ ಊದಿ ಬಿಟ್ಟರೆ ಅದು ದಾರ ಎಳೆದುಕೊಂಡು ಮೇಲೆ ಬಂದು ನೆಟ್ಟಗೆ ನಿಲ್ಲುತ್ತದೆ. ಇಲ್ಲಿದ್ದೇವೆ, ಬಾ ಎಂದರ್ಥ. ಅದು ಕಾಣದಿದ್ದರೆ ಅಲೆಗಳ ನಡುವೆ ಮನುಷ್ಯರ ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ಇಷ್ಟು ಮುಖ್ಯವಾದ ವಸ್ತುವನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಬಗ್ಗೆ ನಮ್ಮ ಅಂಗಡಿಯಲ್ಲಿ ಆದಷ್ಟು ಜಗಳ ಆಸ್ತಿ ಪಾಲಿಗೂ ಆಗುವುದಿಲ್ಲ. ಮುಂದೆ ತೂಗಿಬಿಟ್ಟರೆ ಹವಳಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೇಷ್ಟ್ರ ಪದ್ಧತಿಯಂತೆ ಬೆನ್ನ ಕೆಳಗಿನ ಉಂಗುರಕ್ಕೆ, ಸಿಲಿಂಡರಿನ ಬುಡದಲ್ಲಿ ಸಿಕ್ಕಿಸಬೇಕು. ನೋಡಲು ಬಲು ಅಚ್ಚುಕಟ್ಟು. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು: ಯಾರ ಗುರುತನ್ನು ಅವರೇ ಸುತ್ತಬೇಕು. ಗಂಡ ಹೆಂಡತಿಯದನ್ನು ಸುತ್ತುವಂತಿಲ್ಲ, ಗುರು ಶಿಷ್ಯನದನ್ನು ಸುತ್ತುವಂತಿಲ್ಲ. ತೊಳೆಯುವ ಕೋಣೆಯಲ್ಲಿ, ಉಪ್ಪುನೀರು ಹೋಗಲಾಡಿಸುವ ಸಿಮೆಂಟು ತೊಟ್ಟಿಯ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದೆ. ಅದನ್ನು ನಾನು ದಿನಕ್ಕೆ ನಾಲ್ಕು ಸಲ ಓದುತ್ತಿದ್ದೆ.

ಹೋದ ವರ್ಷ ಅಕ್ಕನ ಬಲ ಭುಜ ಹಿಡಿದುಕೊಂಡಿತು. ಕೈ ಮುಂದಕ್ಕೆ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿರಲಿಲ್ಲ. ತಲೆ ಬಾಚಲು ಭಾವನ ನೆರವು ಬೇಕಾಯಿತು. ಆದರೂ ಇಳಿಯುವುದನ್ನು ಬಿಡಲಿಲ್ಲ. ದಿನದ ಕೊನೆಗೆ ಅವಳು ತೊಟ್ಟಿಯ ಬಳಿ ಕೂತು ಹಲ್ಲು ಕಚ್ಚಿಕೊಂಡು ಗುರುತನ್ನು ಬಿಗಿಯಾಗಿ ಸುತ್ತುವುದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತು. "ಕೊಡಿಲ್ಲಿ" ಎಂದು ಕಿತ್ತುಕೊಂಡೆ. ಒಂದೆರಡು ದಿನ ಬೈದಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾಗುವುದು ಎಷ್ಟು ಅಪರೂಪ ಎಂದರೆ, ನನಗೆ ಬಹುಮಾನ ಸಿಕ್ಕಷ್ಟು ಖುಷಿಯಾಯಿತು. ಎರಡು ತಿಂಗಳು ಅವಳ ಗುರುತು ಸುತ್ತಿದವನು ನಾನು. ಒಂದು ಸಂಜೆ ಅದನ್ನು ಹಿಡಿದಿಡುವ ರಬ್ಬರು ಪಟ್ಟಿ ತುಂಡಾಗಿತ್ತು. ದೋಣಿಯವನ ಕೈಗೆ ರಬ್ಬರು ಎಲ್ಲಿಯದು? ತೆಳ್ಳನೆಯ ಹಗ್ಗ ಇತ್ತು. ಕಟ್ಟಿದೆ.

ಮಾರನೆಯ ದಿನ ಅಕ್ಕ ಹಲ್ಲಿನ ಡಾಕ್ಟರ್ ಒಬ್ಬರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಇಳಿದಳು. ನಲವತ್ತು ನಿಮಿಷಕ್ಕೆ ಗುರುತು ಬರಬೇಕಿತ್ತು. ಬರಲಿಲ್ಲ. ಐವತ್ತಾಯಿತು. ದೋಣಿಯನ್ನು ಮೊದಲು ಬಡಗಣಕ್ಕೆ ತಿರುಗಿಸಿದೆ, ಅದು ತಪ್ಪು ದಿಕ್ಕು. ಒಂದು ಗಂಟೆ ಹತ್ತು ನಿಮಿಷ ಸಮುದ್ರವನ್ನು ಗುಡಿಸಿದಂತೆ ಹುಡುಕಿದೆ. ಕಡೆಗೆ ದೂರದಲ್ಲಿ ಏನೋ ಹಳದಿ ಅಲ್ಲಾಡಿತು. ಅಕ್ಕ ಈಜಲು ಕಾಲಿಗೆ ಹಾಕಿಕೊಂಡಿದ್ದ ರಬ್ಬರು ರೆಕ್ಕೆ ಕಳಚಿ, ಎಡಗೈಯಲ್ಲಿ ಎತ್ತಿ ಹಿಡಿದು ಬೀಸುತ್ತಿದ್ದಳು. ಬಲಗೈಗೆ ಡಾಕ್ಟರ್ ಹೆಂಡತಿಯ ಜಾಕೆಟ್ಟಿನ ಪಟ್ಟಿ ಸುತ್ತಿಕೊಂಡಿದ್ದಳು. ಮೂವರೂ ಕ್ಷೇಮವಾಗಿದ್ದರು. ಡಾಕ್ಟರ್ ಹಲ್ಲು ಕಟಕಟ ಎನ್ನುತ್ತಿದ್ದವು. ಅವರಿಗೆ ಕಂಬಳಿ ಹೊದಿಸುವ ಅವಸರದಲ್ಲಿ ನನ್ನ ಕಣ್ಣಿಗೆ ಬೇರೇನೂ ಬೀಳಲಿಲ್ಲ.

ಮೇಷ್ಟ್ರು ಎಲ್ಲರ ಎದುರಿಗೇ ಕೇಳಿದರು. "ಗುರುತು ಯಾಕೆ ಕಳಿಸಲಿಲ್ಲ?"

"ಬೆನ್ನಿನ ಹತ್ರ ಕೈ ಹೋಗಲಿಲ್ಲ" ಎಂದಳು ಅಕ್ಕ.

"ಎಷ್ಟು ದಿನದಿಂದ ಹೋಗ್ತಿಲ್ಲ?"

"ಎರಡು ತಿಂಗಳು."

ಮೇಷ್ಟ್ರು ಕೂಗಾಡುವ ಜಾತಿಯವರಲ್ಲ. ಗೋಡೆಯ ಮೇಲಿನ ಮುಂದಾಳುಗಳ ಪಟ್ಟಿಯಿಂದ ಅವಳ ಹೆಸರಿನ ಬಿಲ್ಲೆಯನ್ನು ತೆಗೆದು ಮೇಜಿನ ಖಾನೆಗೆ ಹಾಕಿದರು. ಆರು ವಾರ ಸಮಯ ಕೊಟ್ಟರು. ಆಮೇಲೆ ಒಂದು ಪರೀಕ್ಷೆ: ಐದು ಮೀಟರಿನಲ್ಲಿ ನಿಂತು ಒಂದಾದ ಮೇಲೊಂದು ಮೂರು ಗುರುತು ಕಳಿಸಬೇಕು, ಒಂದೊಂದಕ್ಕೂ ಒಂದೇ ನಿಮಿಷ. ನಿಂತ ಜಾಗದಿಂದ ಒಂದು ತೋಳಿನ ಉದ್ದಕ್ಕಿಂತ ಹೆಚ್ಚು ಮೇಲೇಳುವಂತಿಲ್ಲ. ಆಗದಿದ್ದರೆ ಇನ್ನು ಮುಂದೆ ಅವಳು ತೊಳೆಯುವ ಕೋಣೆಯಲ್ಲಿ ಇರಬಹುದು, ಹೊಲಿಯಬಹುದು, ಆದರೆ ಯಾರನ್ನೂ ಕೆಳಗೆ ಕರೆದೊಯ್ಯುವಂತಿಲ್ಲ. "ಎಲ್ಲಿಂದ ಬೇಕಾದ್ರೂ ತೆಗಿ, ಬೆನ್ನೇ ಆಗಬೇಕು ಅಂತ ಈಗ ಹೇಳಲ್ಲ" ಎಂದಷ್ಟೇ ಸೇರಿಸಿದರು.

ಬೇರೆಯವಳಾಗಿದ್ದರೆ ಅತ್ತು ಮನೆಗೆ ಹೋಗುತ್ತಿದ್ದಳು. ಅಕ್ಕ ಆ ಸಂಜೆಯೇ ತನ್ನ ಡೈವಿಂಗ್ ಪ್ಯಾಂಟನ್ನು ಮೆಷಿನ್ ಮೇಲೆ ಹರಡಿದಳು. ಎಡ ತೊಡೆಯ ಮೇಲೆ ಜೇಬು ಬಂತು. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಳು. ಮೊದಲನೆಯದು ತೀರಾ ಹಿಂದಕ್ಕಾಯಿತು. ಎರಡನೆಯದರ ಮುಚ್ಚಳ ಮೇಲಕ್ಕೆ ತೆರೆಯುತ್ತಿತ್ತು, ಕಾಲು ಮಡಚಿದರೆ ಕೈಗೆ ಅಡ್ಡ ಬರುತ್ತಿತ್ತು. ಮೂರನೆಯದು ಪಕ್ಕಕ್ಕೆ ತೆರೆಯುತ್ತಿತ್ತು. ಮುಚ್ಚಳದ ತುದಿಗೆ ಹೆಬ್ಬೆರಳು ತೂರುವಷ್ಟು ಪಟ್ಟಿಯ ಕುಣಿಕೆ, ತಳಕ್ಕೆ ಎರಡು ತೂತು. ಒಳಗೆ ರಬ್ಬರು ದಾರದ ಒಂದು ಉಂಗುರ, ಗುರುತು ಕೈ ಜಾರಿದರೂ ಎಲ್ಲೂ ಹೋಗಬಾರದು. ರೀಲು ಗುರುತಿನ ಅಡಿಯಲ್ಲಿ ಅಲ್ಲ, ಪಕ್ಕದಲ್ಲಿ. ಸುತ್ತುವಾಗ ಮುಚ್ಚಿದ ತುದಿಯಿಂದ ಸುತ್ತಿಕೊಂಡು ಬರಬೇಕು, ಗಾಳಿ ಊದುವ ಬಾಯಿ ಹೊರಗೆ ಉಳಿಯಬೇಕು, ಕೈ ಹಾಕಿದರೆ ಮೊದಲು ಅದೇ ಸಿಗಬೇಕು. ಇದನ್ನೆಲ್ಲ ಅವಳು ಭಾವನಿಗೆ ಊಟದ ನಡುವೆ ವಿವರಿಸುತ್ತಿದ್ದಳು. ಭಾವ ತಲೆಯಾಡಿಸುತ್ತಿದ್ದ. ಅವನಿಗೆ ಅರ್ಥವಾಗಿದ್ದು ಅರ್ಧ, ಆದರೆ ಅಡುಗೆಮನೆಯ ಟೈಮರ್ ಹಿಡಿದುಕೊಂಡು ನಿಲ್ಲುವ ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಿದ.

ಹಾಲಿನ ನಡುವೆ ಎರಡು ಸ್ಟೂಲುಗಳ ಮೇಲೆ ಅಡ್ಡಡ್ಡ ಬೋರಲು ಮಲಗಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ದಪ್ಪ ಕೈಗವಸು ಹಾಕಿ ಅವಳು ಗುರುತು ತೆಗೆಯುವುದನ್ನು ನೋಡಿದ ಪಕ್ಕದ ಮನೆಯಾಕೆ ವಿಚಾರಿಸಿಕೊಂಡು ಹೋದಳು. "ಹುಷಾರಿದ್ದಾರಾ?" ಎಂದು ಭಾವನನ್ನು ಮೆಲ್ಲಗೆ ಕೇಳಿದಳಂತೆ. "ಒಂದು ನಿಮಿಷ ಎಂಟು ಸೆಕೆಂಡು. ನಿನ್ನೆಗಿಂತ ಪರವಾಗಿಲ್ಲ" ಎಂದನಂತೆ ಭಾವ.

ಒಂದು ನಿಮಿಷ ಎಂಟಕ್ಕೇ ನಿಂತುಬಿಟ್ಟಿತು. ಎರಡು ವಾರ ಅದು ಅಲ್ಲಾಡಲಿಲ್ಲ. ಭುಜಕ್ಕೆ ಬಿಸಿ ನೀರಿನ ಚೀಲ ಕಟ್ಟಿಕೊಂಡು ಮತ್ತೆ ಸ್ಟೂಲುಗಳ ಮೇಲೆ ಮಲಗುತ್ತಿದ್ದಳು. "ಬಿಡಕ್ಕ, ಹೊಲಿಗೆ ಕೆಲಸ ಇದ್ದೇ ಇದೆಯಲ್ಲ" ಎಂದು ನಾನು ಒಮ್ಮೆ ಬಾಯಿ ಬಿಟ್ಟೆ. ಕಣ್ಣಿನ ಬಟ್ಟೆ ತೆಗೆಯದೆಯೇ, "ಬಾಯಿ ಮುಚ್ಕೊಂಡು ಮೆಷಿನ್ ಖಾನೆಯಿಂದ ಕತ್ತರಿ ತಗೊಂಡ್ ಬಾ" ಎಂದಳು.

ಖಾನೆ ಎಳೆದೆ. ಕತ್ತರಿಯ ಅಡಿಯಲ್ಲಿ ಅವಳ ಹಳೆಯ ಗುರುತು ಇತ್ತು, ಆ ದಿನ ಕೆಳಗೆ ಹೋಗಿದ್ದೇ ಅದು. ಸುತ್ತಿದ ಹಾಗೆಯೇ ಇತ್ತು. ಮೇಲೆ ನನ್ನ ತೆಳ್ಳನೆಯ ಹಗ್ಗ, ಅದರ ಮೇಲೆ ನನ್ನ ಗಂಟು. ದೋಣಿ ಕಟ್ಟುವವರ ಗಂಟು ಅದು, ಎಳೆದಷ್ಟೂ ಬಿಗಿಯುತ್ತದೆ, ನೆನೆದರೆ ಕಲ್ಲಾಗುತ್ತದೆ. ಹಗ್ಗದ ಎಳೆಗಳು ಒಂದು ಕಡೆ ಕಿತ್ತು ಬಂದಿದ್ದವು. ಯಾರೋ ಅದನ್ನು ಉಗುರಿನಿಂದ, ಹಲ್ಲಿನಿಂದ ಕಿತ್ತಿದ್ದರು. ನೀರಿನ ಕೆಳಗೆ ಹಲ್ಲು ಹಚ್ಚಬೇಕಾದರೆ ಉಸಿರಾಡುವ ನಳಿಕೆಯನ್ನು ಬಾಯಿಂದ ತೆಗೆಯಬೇಕು. ಅವಳು ತೆಗೆದಿದ್ದಳು.

ಭಾವ ಅಡುಗೆಮನೆಯಲ್ಲಿದ್ದ. ಅಕ್ಕ ಸ್ಟೂಲಿನಿಂದ ಎದ್ದು ಕಣ್ಣಿನ ಬಟ್ಟೆ ತೆಗೆದಳು, ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ಬೆನ್ನಿನಿಂದ ತೆಗೆದಿದ್ದೆಯಾ ಹಾಗಾದ್ರೆ?" ಎಂದೆ.

"ಎಡಗೈಲಿ, ಆ ಎರಡು ತಿಂಗಳೂ ತೆಗೀತಿದ್ದ ಹಾಗೆ. ತುಂಬಾ ಹೊತ್ತು ಹಿಡೀತು, ಆದ್ರೆ ತೆಗೆದೆ."

"ಕೈ ಹೋಗಲಿಲ್ಲ ಅಂದೆಯಲ್ಲ ಮೇಷ್ಟ್ರಿಗೆ."

"ಬಲಗೈ ಹೋಗಲಿಲ್ಲ. ಸುಳ್ಳೇನಲ್ಲ."

"ಅರ್ಧ ಸುಳ್ಳು. ನನ್ನ ತಪ್ಪು ಮುಚ್ಚಿಟ್ಟೆ. ನಾಳೆ ಬೆಳಿಗ್ಗೆನೇ ಹೋಗಿ ಹೇಳ್ತೀನಿ."

"ಹೇಳಿದ್ರೆ ಏನಾಗುತ್ತೆ ಗೊತ್ತಾ?" ಎಂದಳು. ದನಿ ಏರಿಸಲಿಲ್ಲ. "ನಿನ್ನ ದೋಣಿ ಹೋಗುತ್ತೆ. ನನಗೆ ಪಾಪ ಅಂತ ಬಿಲ್ಲೆ ವಾಪಸ್ ಕೊಡ್ತಾರೆ. ಆಮೇಲೆ ನಾನು ಯಾರನ್ನೋ ಕರ್ಕೊಂಡು ಇಳೀತೀನಿ, ಈ ಕೈ ಸಮಯಕ್ಕೆ ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲದೆ. ಅದು ಬೇಡ ನಂಗೆ. ಇನ್ನೊಬ್ಬರ ಕೈಲಿ ಸುತ್ತಿಸಿಕೊಂಡವಳು ನಾನು. ಮೊದಲು ಕೈ ನೋಡ್ಕೋತೀನಿ. ಹೇಳೋದು ಆಮೇಲೆ."

ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಐವತ್ತರ ಹತ್ತಿರದ ಗಂಡಸು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅತ್ತೆ. ಅಕ್ಕ ಪರದೆಯ ಜೇಬಿನಿಂದ ಭಾವನ ಕರವಸ್ತ್ರ ತೆಗೆದು ಕೊಟ್ಟಳು. ಆಮೇಲೆ ಕೇಳಿದಳು, "ಈ ಗಂಟನ್ನ ಒಂದೇ ಕೈಲಿ ಬಿಚ್ಚೋದು ಹೇಗೆ?"

"ಆಗಲ್ಲ, ಕೊಯ್ಯಬೇಕು. ಆವತ್ತು ಚಾಕು ಇರಲಿಲ್ವಾ?"

"ಇತ್ತು. ಬಲಗಡೆ ಭುಜದ ಪಟ್ಟೀಲಿ. ಬಲಗೈಗೆ ಆ ಹೆಂಗಸು ಜೋತುಬಿದ್ದಿದ್ರು, ಮೇಲೆ ಬಂದ ಮೇಲೂ ಪಟ್ಟು ಬಿಡಲಿಲ್ಲ, ಎಡಗೈಗೆ ಆ ಕಡೆ ತೂರೋಕೆ ಜಾಗಾನೇ ಇರಲಿಲ್ಲ. ಕೊಯ್ಯೋದು ಬೇಡ, ಬಿಚ್ಚೋದು ಹೇಳು."

ಅವಳು ಹಟ ಹಿಡಿದರೆ ಯಮನೂ ಬಾಗಿಲಲ್ಲಿ ಕಾಯಬೇಕು. ಹೇಳಿಕೊಟ್ಟೆ. ತುದಿಯನ್ನು ಎಳೆಯಬಾರದು. ಗಂಟಿನ ಬೆನ್ನ ಮೇಲೆ ಹಾಯುವ ಸುತ್ತನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಬೇಕು, ಮೊಣಕಾಲಿಗೆ ಒತ್ತಿ ಹಿಡಿದು ಮತ್ತೆ ಮತ್ತೆ ತಳ್ಳಬೇಕು. ಸಡಿಲವಾದಂತೆ ಅನ್ನಿಸುವುದಿಲ್ಲ, ಇದ್ದಕ್ಕಿದ್ದಂತೆ ಬಿಡುತ್ತದೆ. ಬೇರೆ ಹಗ್ಗಗಳಿಗೆ ಅಂಥದೇ ಗಂಟು ಹಾಕಿ ಬಕೆಟ್ಟಿನಲ್ಲಿ ನೆನೆಸಿಟ್ಟು ಕೊಟ್ಟೆ. ದಿನಕ್ಕೆ ಹತ್ತು ಬಿಚ್ಚಿದಳು. ಅವಳ ಹೆಬ್ಬೆರಳಿನ ಉಗುರು ನೀಲಿಯಾಯಿತು. ಈ ಗಂಟಿನ ಪಾಠ ಪರೀಕ್ಷೆಯಲ್ಲಿಲ್ಲ, ಯಾಕೆ ಬೇಕು ಎಂದು ಕೇಳಿದರೆ, "ಎಡಗೈಗೆ ಬುದ್ಧಿ ಬರಲಿ ಅಂತ" ಎಂದಳು. ಅದೇನು ವಿಚಿತ್ರವೋ, ನಾಲ್ಕನೆಯ ವಾರದ ಕೊನೆಗೆ ಭಾವನ ಟೈಮರ್ ಐವತ್ತೆರಡು ಸೆಕೆಂಡು ತೋರಿಸಿತು. ಐದನೆಯ ವಾರ ನಲವತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಸೆಳೆತ ನಿಂತಿತ್ತು, ಆದರೆ ಹೆಚ್ಚು ಹೊತ್ತು ನಿಲ್ಲುವ ಹಾಗೆ ಕಾಣಲಿಲ್ಲ. ದೋಣಿಯಲ್ಲಿ ಮೇಷ್ಟ್ರು, ಅಕ್ಕ, ನಾನು ಮೂವರೇ. ಮೇಷ್ಟ್ರು ಒಂದು ಚೀಲದಿಂದ ಮೂರು ಗುರುತುಗಳನ್ನು ತೆಗೆದು ಹಲಗೆಯ ಮೇಲೆ ಇಟ್ಟರು. ಮೂರೂ ನೀಟಾಗಿ, ಸ್ವಲ್ಪ ಸಡಿಲವಾಗಿ ಸುತ್ತಿದ್ದವು. ಅವಳಿಗೆ ಸುಲಭವಾಗಲಿ ಎಂದು ಮನೆಯಲ್ಲೇ ಕೂತು ಸುತ್ತಿಕೊಂಡು ಬಂದಿದ್ದರು. ಗೋಡೆಯ ಮೇಲೆ ನಿಯಮ ಬರೆಸಿದ ಮನುಷ್ಯನೇ ಅದನ್ನು ಮುರಿದಿದ್ದರು. ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡುವುದು ಎಷ್ಟು ಸಲೀಸು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಕ್ಕ ಮೂರನ್ನೂ ತೆಗೆದುಕೊಂಡು, ರಬ್ಬರು ಪಟ್ಟಿ ಕಳಚಿ, ಉದ್ದಕ್ಕೂ ಬಿಡಿಸಿಹಾಕಿದಳು. ದೋಣಿ ತುಂಬ ಕಿತ್ತಳೆ ಬಣ್ಣ ಹರಡಿಕೊಂಡಿತು. ನಿಧಾನವಾಗಿ ಒಂದನೆಯದನ್ನು ಸುತ್ತತೊಡಗಿದಳು.

"ನಾನು ಸುತ್ತಿದ್ದು ಸಾಲದಾ?" ಎಂದರು ಮೇಷ್ಟ್ರು. ದನಿಯಲ್ಲಿ ನೋವಿತ್ತು. "ಸೆಳೆತ ಶುರುವಾಗುತ್ತೆ, ಹೊತ್ತಾಗ್ತಿದೆ."

"ನೀವು ಸುತ್ತಿದ್ದು ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಒಳಗೆ ಏನು ಹೇಗಿದೆ ಅಂತ ನನ್ನ ಕೈಗೆ ಗೊತ್ತಿರಬೇಕು."

ಭುಜ ನೋಯುತ್ತಿತ್ತು, ಅದು ಅವಳ ತುಟಿಯಲ್ಲಿ ಕಾಣುತ್ತಿತ್ತು. ನನ್ನ ಕೈ ತಾನಾಗಿಯೇ ಒಮ್ಮೆ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಕೂತೆ. ಮೂರನ್ನೂ ಸುತ್ತಲು ಅವಳಿಗೆ ಹನ್ನೊಂದು ನಿಮಿಷ ಹಿಡಿಯಿತು. ಎರಡನ್ನು ತೊಡೆಯ ಜೇಬಿಗೆ ಸೇರಿಸಿದಳು, ಒಂದನ್ನು ಅದರ ಪಕ್ಕ ಸಿಕ್ಕಿಸಿಕೊಂಡಳು. ಜಾಕೆಟ್ಟಿನ ಎದೆಯ ಜೇಬು ಉಬ್ಬಿತ್ತು. ಅದರಲ್ಲೇನಿದೆ ಎಂದು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಇಬ್ಬರೂ ನೀರಿಗೆ ಬಿದ್ದರು.

ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮೊದಲನೆಯದು ಬಂತು. ನೀರು ಸೀಳಿಕೊಂಡು ಎದ್ದು, ವಾಲಿ, ನೆಟ್ಟಗೆ ನಿಂತಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಮೂರನೆಯದು ಬರುವಷ್ಟರಲ್ಲಿ ಸೆಳೆತ ಶುರುವಾಗಿತ್ತು, ಮೂರೂ ದಾರಗಳು ಓರೆಯಾಗಿ ಎಳೆಯುತ್ತಿದ್ದವು. ಆದರೂ ಬಂತು. ನಾನು ಒಬ್ಬನೇ ದೋಣಿಯಲ್ಲಿ ಚಪ್ಪಾಳೆ ತಟ್ಟಿದೆ. ಇನ್ನೇನು ಅವರು ಮೇಲೆ ಬರಬೇಕು ಎಂದು ಏಣಿ ಇಳಿಬಿಟ್ಟೆ.

ಅವರು ಬರಲಿಲ್ಲ. ಎರಡು ನಿಮಿಷ ಕಳೆಯಿತು. ಮೂರಾಯಿತು. ಗುರುತುಗಳು ನಿಂತಲ್ಲೇ ನಿಂತು ಸಣ್ಣಗೆ ಅದುರುತ್ತಿದ್ದವು. ಹಾರಿಬಿಡಲೇ ಎಂದುಕೊಂಡೆ, ಹಾರಿ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಆಗ ನಾಲ್ಕನೆಯದು ಮೇಲೆ ಬಂತು.

ಬಣ್ಣ ಮಾಸಿದ, ಸುಕ್ಕು ಸುಕ್ಕಾದ ಹಳೆಯ ಗುರುತು. ಆರು ವಾರ ಗಂಟಿನೊಳಗೆ ಇದ್ದುದರಿಂದ ನಡುವೆ ಹಗ್ಗದ ಅಚ್ಚು ಹಾಗೇ ಇತ್ತು. ಅದು ಮಿಕ್ಕ ಮೂರರ ಪಕ್ಕದಲ್ಲಿ ನಿಂತಿತು. ಆವತ್ತು ನಾನು ಒಂದು ಗಂಟೆ ಹತ್ತು ನಿಮಿಷ ಹುಡುಕಿದ್ದು ಅದನ್ನೇ.

ಏಣಿ ಹತ್ತಿ ಬಂದ ಮೇಷ್ಟ್ರು ಗಾಜಿನ ಮುಖವಾಡವನ್ನು ಹಣೆಗೆ ಸರಿಸಿದರು. "ಐವತ್ತು, ನಲವತ್ತಾರು, ಐವತ್ತೆಂಟು. ಜಾಗ ಬಿಟ್ಟು ಅಲ್ಲಾಡಲಿಲ್ಲ" ಎಂದರು. ಆಮೇಲೆ ನೀರಿನ ಕಡೆ ತಿರುಗಿ, "ಆ ನಾಲ್ಕನೇದು ಏನು? ಮೊಣಕಾಲಿಗೆ ಒತ್ತಿಕೊಂಡು ನಾಲ್ಕು ನಿಮಿಷ ಅದ್ಯಾವುದೋ ಗಂಟು ಬಿಚ್ಚಿದಳು. ಯಾರು ಹಾಕಿದ್ದು ಅದನ್ನ?" ಎಂದು ಕೇಳಿದರು.

ಅಕ್ಕ ಇನ್ನೂ ಏಣಿಯ ಮೇಲೇ ಇದ್ದಳು. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. "ನಾನು. ಎರಡು ತಿಂಗಳು ಅವಳದನ್ನ ಸುತ್ತಿದವನು ನಾನೇ. ಆವತ್ತು ಗಂಟು ಹಾಕಿದವನೂ ನಾನೇ."

"ಸುತ್ತೋಕೆ ಕೊಟ್ಟಿದ್ದು ನಾನು" ಎಂದಳು ಅಕ್ಕ. "ಹೇಳದೆ ಇದ್ದಿದ್ದೂ ನಾನೇ."

ಮೇಷ್ಟ್ರು ಹಲಗೆಯ ಮೇಲೆ ಕೂತರು. ತಾವು ತಂದಿದ್ದ ಖಾಲಿ ಚೀಲವನ್ನು ಸ್ವಲ್ಪ ಹೊತ್ತು ನೋಡಿದರು, ಮಡಚಿದರು. ನನ್ನನ್ನು ಒಂದು ತಿಂಗಳು ದೋಣಿಯಿಂದ ಇಳಿಸಿದರು, ಅಕ್ಕನನ್ನೂ ಅದೇ ಒಂದು ತಿಂಗಳು ಕಾಯಿಸಿದರು. ಕೊನೆಯ ದಿನ ಬಿಲ್ಲೆಯನ್ನು ಅವಳ ಕೈಗೇ ಕೊಟ್ಟು ಗೋಡೆಗೆ ಹಾಕಿಕೊಳ್ಳಲು ಹೇಳಿದರು. ಎಡಗೈಯಲ್ಲಿ ಹಾಕಿದಳು.

ಈಗ ಅಂಗಡಿಯ ಎಲ್ಲ ಗೈಡುಗಳ ತೊಡೆಯ ಮೇಲೂ ಅಕ್ಕ ಹೊಲಿದ ಜೇಬಿದೆ. ಸಂಜೆ ತೊಟ್ಟಿಯ ಬಳಿ ಅವಳು ತನ್ನ ಗುರುತನ್ನು ಸುತ್ತುತ್ತಾಳೆ, ಭುಜ ನೋಯುವ ದಿನ ಅರ್ಧ ಗಂಟೆ ಹಿಡಿಯುತ್ತದೆ. ನಾನು ಎದುರಿಗೆ ಕೂತು, ಮುಗಿಯುವ ತನಕ ಕಾಯುತ್ತೇನೆ. ಕೈ ಹಾಕುವುದಿಲ್ಲ.